ಜೋಳವಾಳಿಯೋ, ನಾಡಿನ ಋಣವೋ?

1812ರ ಡಿಸೆಂಬರ್ 30ರ ಬೆಳಗ್ಗೆ ಟೌರೋಗೆನ್ ಊರಿನ ಹತ್ತಿರ, ಪೊಶೆರುನ್ ಎಂಬಲ್ಲಿನ ಹಿಟ್ಟಿನ ಗಿರಣಿಯಲ್ಲಿ ಆರು ಮಂದಿ ಸೇನಾಧಿಕಾರಿಗಳು ಸೇರಿದರು. ಆ ಜಾಗ ಈಗ ಲಿಥುವೇನಿಯಾದಲ್ಲಿದೆ. ಆಗ ಅದು ರಷ್ಯಾ ಮತ್ತು ಪ್ರಶ್ಯಾಗಳ ಗಡಿಯಂಚು. ಮೂವರು ರಷ್ಯದ ಝಾರನ ಸಮವಸ್ತ್ರದಲ್ಲಿದ್ದರು, ಮೂವರು ಪ್ರಶ್ಯಾದ ದೊರೆಯ ಸಮವಸ್ತ್ರದಲ್ಲಿ. ಆರು ತಿಂಗಳಿಂದ ಎರಡೂ ಕಡೆಯವರು ಶತ್ರುಗಳು. ಆದರೆ ಆರಕ್ಕೆ ಆರೂ ಮಂದಿ ಹುಟ್ಟಿದ್ದು ಪ್ರಶ್ಯಾದಲ್ಲೇ. ರಷ್ಯದ ಪರ ಬಂದ ಜನರಲ್ ಡೀಬಿಚ್ ಸೈಲೀಸಿಯಾದವನು. ಅವನ ಪಕ್ಕದಲ್ಲಿದ್ದ ಕ್ಲೌಸೆವಿಟ್ಸ್, ಮುಂದೆ ಯುದ್ಧಶಾಸ್ತ್ರದ ಗ್ರಂಥದಿಂದ ಜಗತ್ತಿಗೆ ಪರಿಚಿತನಾದವನು, ಒಂಬತ್ತು ತಿಂಗಳ ಹಿಂದಿನವರೆಗೂ ಪ್ರಶ್ಯಾದ ಸೇನೆಯಲ್ಲೇ ಇದ್ದ. ಎದುರಿಗಿದ್ದವನು ಜನರಲ್ ಯೊಹಾನ್ ಡೇವಿಡ್ ಲುಡ್ವಿಗ್ ಫಾನ್ ಯೋರ್ಕ್, ವಯಸ್ಸು ಐವತ್ತಮೂರು. ತನ್ನ ದೊರೆಯ ಅಪ್ಪಣೆ ಇಲ್ಲದೆ ಆತ ಅಂದು ಶತ್ರುವಿನೊಡನೆ ಒಪ್ಪಂದಕ್ಕೆ ಸಹಿ ಹಾಕಿದ. ತನ್ನ ಇಡೀ ಪಡೆಯನ್ನು ನೆಪೋಲಿಯನ್ನನ ಯುದ್ಧದಿಂದ ಹೊರಗೆ ಕರೆದೊಯ್ದ.

ಇದು ದ್ರೋಹವೋ, ದೇಶಸೇವೆಯೋ? ಜರ್ಮನಿಯಲ್ಲಿ ಎರಡು ನೂರು ವರ್ಷಗಳಿಂದ ಈ ವಾದ ನಡೆದಿದೆ. ಶಾಲೆಯ ಪಾಠಗಳಲ್ಲಿ ಯೋರ್ಕ್ ಬಹುಕಾಲ ವೀರನಾಗಿಯೇ ಇದ್ದ. ಆದರೆ ವೀರನೆಂದು ಮೊದಲೇ ತೀರ್ಮಾನಿಸಿ ಹೊರಟರೆ ಅವನ ಎದೆಯಲ್ಲಿ ಸಹಿಯ ಹಿಂದಿನ ರಾತ್ರಿ ನಡೆದ ತೂಗುಯ್ಯಾಲೆ ನಮಗೆ ಕಾಣಿಸುವುದೇ ಇಲ್ಲ. ಅದನ್ನು ಕಾಣಬೇಕಾದರೆ ಅವನ ಬದುಕನ್ನು ಹಿಂದಿನಿಂದ ನೋಡಿಕೊಂಡು ಬರಬೇಕು.

ಯೋರ್ಕ್ 1759ರಲ್ಲಿ ಪಾಟ್ಸ್‌ಡ್ಯಾಮಿನಲ್ಲಿ ಹುಟ್ಟಿದ. ಪೊಮೆರೇನಿಯಾ ಮೂಲದ ಸಣ್ಣ ಕುಲೀನ ಮನೆತನ, ತಂದೆ ಸೈನ್ಯದಲ್ಲಿ ಕ್ಯಾಪ್ಟನ್. ಹದಿಮೂರನೆಯ ವಯಸ್ಸಿಗೇ ಹುಡುಗ ಸೈನ್ಯ ಸೇರಿದ. 1779ರ ಹೊತ್ತಿಗೆ, ಬವೇರಿಯಾದ ಉತ್ತರಾಧಿಕಾರದ ಯುದ್ಧದಲ್ಲಿ, ತನ್ನ ಮೇಲಧಿಕಾರಿ ಲೂಟಿ ಮಾಡಿದ್ದನ್ನು ಕಂಡು ಮುಖಕ್ಕೆ ಹೊಡೆದಂತೆ ಆಡಿಬಿಟ್ಟ. ಲೂಟಿ ಮಾಡಿದವನನ್ನು ಬಿಟ್ಟು, ಆಡಿ ತೋರಿಸಿದವನಿಗೆ ಶಿಕ್ಷೆಯಾಯಿತು. ಅವಿಧೇಯತೆಯ ಆಪಾದನೆ, ಕೋನಿಗ್ಸ್‌ಬರ್ಗ್‌ನ ಕೋಟೆಯಲ್ಲಿ ಒಂದು ವರ್ಷ ಸೆರೆ, ಸೈನ್ಯದಿಂದ ವಜಾ. ಟೌರೋಗೆನ್‌ಗೆ ಮೂವತ್ತಮೂರು ವರ್ಷ ಮೊದಲೇ ಈ ಮನುಷ್ಯ ಆಜ್ಞೆಗೂ ನ್ಯಾಯಕ್ಕೂ ನಡುವೆ ಸಿಕ್ಕಿಹಾಕಿಕೊಂಡು ಬೆಲೆ ತೆತ್ತಿದ್ದ. ಅವನ ಪರ ವಾದಿಸುವವರು ಇದನ್ನು ಆತ್ಮಸಾಕ್ಷಿಯ ಗುರುತು ಎನ್ನುತ್ತಾರೆ, ವಿರೋಧಿಸುವವರು ಹುಟ್ಟುಗುಣ ಎನ್ನುತ್ತಾರೆ. ಒಂದು ಘಟನೆಯಿಂದ ಇದು ಇತ್ಯರ್ಥವಾಗುವ ಮಾತಲ್ಲ.

ಸ್ವದೇಶದಲ್ಲಿ ಬಾಗಿಲು ಮುಚ್ಚಿದ ಮೇಲೆ ಆತ ಡಚ್ಚರ ಸೇವೆಗೆ ಹೋದ. ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಸ್ವಿಟ್ಜರ್ಲೆಂಡಿನ ಕೌಂಟ್ ಡಿ ಮ್ಯೂರಾನ್ 1781ರಲ್ಲಿ ಕಟ್ಟಿದ್ದ ಬಾಡಿಗೆ ರೆಜಿಮೆಂಟಿನಲ್ಲಿ ಕ್ಯಾಪ್ಟನ್ ಆಗಿ 1783–84ರಲ್ಲಿ ಪೂರ್ವದ ಕಡಲುಗಳವರೆಗೂ ಬಂದ. ಡಿ ಮ್ಯೂರಾನ್ ಎಂಬ ಹೆಸರು ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನು ನೋಡಿದವರಿಗೆ ಹೊಸದಲ್ಲ. 1799ರಲ್ಲಿ ಟಿಪ್ಪುವಿನ ಕೋಟೆಯನ್ನು ಮುತ್ತಿದ ಬ್ರಿಟಿಷ್ ದಂಡಿನಲ್ಲಿ ಇದೇ ರೆಜಿಮೆಂಟ್ ಇತ್ತು. ಅದರ ಅಧಿಕಾರಿಗಳ, ಅವರ ಮನೆಮಂದಿಯ ಗೋರಿಗಳು ಕಾವೇರಿಯ ದಂಡೆಯ ಆ ಸ್ಮಶಾನದಲ್ಲಿವೆ. ಅಷ್ಟರಲ್ಲಿ ಯೋರ್ಕ್ ಪ್ರಶ್ಯಾಕ್ಕೆ ಮರಳಿ ಹತ್ತು ವರ್ಷಕ್ಕೂ ಮೇಲಾಗಿತ್ತು, ಆ ಮುತ್ತಿಗೆಯಲ್ಲಿ ಆತ ಇದ್ದವನಲ್ಲ. ಆದರೂ ಈ ಸಂಬಂಧವನ್ನು ನಾನು ಇಲ್ಲಿ ಎತ್ತಲು ಕಾರಣವಿದೆ. ಡಚ್ಚರ ಉಪ್ಪು ತಿಂದ ಆ ರೆಜಿಮೆಂಟ್ 1795ರಲ್ಲಿ ಸಿಲೋನಿನಲ್ಲಿ ಒಟ್ಟಿಗೇ ಬ್ರಿಟಿಷರ ಕಡೆಗೆ ಹೋಯಿತು. ರೆಜಿಮೆಂಟಿನ ಒಡೆಯ ಹೊಸ ಕರಾರು ಮಾಡಿಕೊಂಡ, ಸಿಪಾಯಿಗಳು ಧಣಿಯನ್ನು ಬದಲಿಸಿದರು. ಅದನ್ನು ಯಾರೂ ಮಹಾದ್ರೋಹವೆಂದು ಶತಮಾನಗಟ್ಟಲೆ ಚರ್ಚಿಸಲಿಲ್ಲ. ಹದಿನೇಳು ವರ್ಷದ ನಂತರ ಅದೇ ರೆಜಿಮೆಂಟಿನ ಹಳೆಯ ಕ್ಯಾಪ್ಟನ್ ಒಂದು ಪಡೆಯನ್ನು ಯುದ್ಧದಿಂದ ಹೊರತಂದಾಗ ಮಾತ್ರ ಯೂರೋಪು ನಡುಗಿತು. ಸೈನಿಕನೆಂದರೆ ಸಂಬಳದ ಆಳು ಎಂಬ ಕಾಲ ಮುಗಿದು, ಸೈನಿಕನೆಂದರೆ ನಾಡಿನ ಮಗ ಎಂಬ ಕಾಲ ಕಣ್ಣುಬಿಡುತ್ತಿದ್ದ ಗಳಿಗೆ ಅದು. ಯೋರ್ಕ್ ಎರಡನ್ನೂ ಕಂಡವನು.

ಮಹಾನ್ ಫ್ರೆಡರಿಕ್ ಸತ್ತ ಮೇಲೆ ಅವನಿಗೆ ಪ್ರಶ್ಯಾದ ಸೈನ್ಯದಲ್ಲಿ ಮತ್ತೆ ಜಾಗ ಸಿಕ್ಕಿತು. ಬೇಟೆಗಾರರಂತೆ ಮರೆಯಲ್ಲಿ ನಿಂತು ಗುರಿಯಿಟ್ಟು ಹೊಡೆಯುವ ಯೇಗರ್ ಪಡೆಗಳನ್ನು ತಿದ್ದಿ ಬೆಳೆಸಿದವನು ಆತ. 1806ರಲ್ಲಿ ಯೇನಾದ ಸೋಲಿನಲ್ಲಿ ಪ್ರಶ್ಯಾದ ದಂಡು ದಿಕ್ಕಾಪಾಲಾದಾಗ, ಆಲ್ಟೆನ್‌ಜೌನ್‌ನಲ್ಲಿ ಫ್ರೆಂಚರನ್ನು ತಡೆದು ನಿಲ್ಲಿಸಿ ಹಿಂದೆ ಸರಿಯುವವರಿಗೆ ಎಲ್ಬೆ ನದಿ ದಾಟಲು ಹೊತ್ತು ದೊರಕಿಸಿಕೊಟ್ಟ. ಲ್ಯೂಬೆಕ್‌ನಲ್ಲಿ ಗಾಯಗೊಂಡು ಸೆರೆಸಿಕ್ಕ.

ರಾಜಕೀಯದಲ್ಲಿ ಮಾತ್ರ ಯೋರ್ಕ್ ಹಳೆಯ ಕಾಲದ ಕಟ್ಟಾಳು. ಸೋತ ದೇಶವನ್ನು ಮರಳಿ ಕಟ್ಟಲು ಮಂತ್ರಿ ಷ್ಟೈನ್ ಜೀತಪದ್ಧತಿಯನ್ನು ಕಿತ್ತೊಗೆದು ಸುಧಾರಣೆಗಳಿಗೆ ಕೈಹಾಕಿದಾಗ, ಯೋರ್ಕ್ ಅದನ್ನು ಹಲ್ಲುಕಚ್ಚಿ ದ್ವೇಷಿಸಿದ. 1808ರಲ್ಲಿ ಷ್ಟೈನ್ ಅಧಿಕಾರ ಕಳೆದುಕೊಂಡಾಗ ಅವನಿಗೆ ಹಿಡಿಸಲಾರದ ಸಂತೋಷ. ಟೌರೋಗೆನ್‌ನ ಬಗ್ಗೆ ಮಾತಾಡುವಾಗ ಇದನ್ನು ಬಿಡುವಂತಿಲ್ಲ. ಕ್ರಾಂತಿಯ ಕನಸು ಕಂಡ ತರುಣನೊಬ್ಬ ಅಪ್ಪಣೆ ಮೀರಿದ್ದರೆ ಅರ್ಥ ಬೇರೆ. ದೊರೆಯೇ ಎಲ್ಲಕ್ಕೂ ಮೇಲೆಂದು ನಂಬಿದ ಗಡಸು ಮುದುಕ ಮೀರಿದ್ದರಿಂದಲೇ ಆ ಕ್ರಿಯೆಗೆ ತೂಕ ಬಂತು.

ಇನ್ನು 1812. ಆರು ವರ್ಷಗಳಿಂದ ಪ್ರಶ್ಯಾ ನೆಪೋಲಿಯನ್ನನ ಹಿಮ್ಮಡಿಯ ಕೆಳಗಿತ್ತು. 1807ರ ಟಿಲ್ಸಿಟ್ ಒಪ್ಪಂದದಲ್ಲಿ ಅರ್ಧದಷ್ಟು ನೆಲ ಹೋಗಿತ್ತು. ಸೈನ್ಯ 42,000ಕ್ಕೆ ಮೀರಬಾರದೆಂಬ ಕಟ್ಟಳೆ. ಓಡರ್ ನದಿಯ ಕೋಟೆಗಳಲ್ಲಿ ಫ್ರೆಂಚ್ ಕಾವಲು. ಆ ವರ್ಷದ ಫೆಬ್ರವರಿಯಲ್ಲಿ ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ ಮತ್ತೊಂದು ಒಪ್ಪಂದಕ್ಕೆ ತಲೆಬಾಗಿದ. ರಷ್ಯದ ಮೇಲೆ ದಂಡೆತ್ತಿ ಹೋಗುವ ನೆಪೋಲಿಯನ್ನನಿಗೆ 20,000 ಸೈನಿಕರನ್ನು ಕೊಡಬೇಕು, ದಾರಿಯಲ್ಲಿ ಹಾಯುವ ಅವನ ಮಹಾಸೇನೆಗೆ ದವಸ, ಮೇವು, ಕುದುರೆ ಒದಗಿಸಬೇಕು. ಈ ಅವಮಾನ ತಾಳಲಾರದೆ ಹಲವು ಅಧಿಕಾರಿಗಳು ರಾಜೀನಾಮೆ ಕೊಟ್ಟರು. ಕ್ಲೌಸೆವಿಟ್ಸ್‌ನಂಥವರು ರಷ್ಯಕ್ಕೇ ಹೋಗಿಬಿಟ್ಟರು. ಯೋರ್ಕ್ ಹೋಗಲಿಲ್ಲ. ದೊರೆ ಹೇಳಿದ್ದಾನೆ, ಮುಗಿಯಿತು. ಮೊದಲು ಜನರಲ್ ಗ್ರಾವರ್ಟನ ಕೈಕೆಳಗೆ, ಅವನಿಗೆ ಕಾಯಿಲೆಯಾದಾಗ ತಾನೇ ಮುಖ್ಯಸ್ಥನಾಗಿ, ಫ್ರೆಂಚ್ ಮಾರ್ಷಲ್ ಮ್ಯಾಕ್‌ಡೊನಾಲ್ಡನ ಅಧೀನದಲ್ಲಿ ರೀಗಾದ ಕಡೆ ಕಾದಾಡಿದ, ಚೆನ್ನಾಗಿಯೇ ಕಾದಾಡಿದ.

ಡಿಸೆಂಬರ್ ಹೊತ್ತಿಗೆ ಮಹಾಸೇನೆ ಹಿಮದಲ್ಲಿ ಕರಗಿಹೋಗಿತ್ತು. ಉತ್ತರದ ತುದಿಯಲ್ಲಿದ್ದ ಮ್ಯಾಕ್‌ಡೊನಾಲ್ಡನೂ ಹಿಂದೆ ಸರಿಯತೊಡಗಿದ: ತಾನು ಮುಂದೆ, ಯೋರ್ಕ್ ಹಿಂದೆ. ನಡುವಿನ ಸಂದಿಗೆ ಡೀಬಿಚ್ ನುಗ್ಗಿ ದಾರಿ ಕಟ್ಟಿದ. ಅವನಲ್ಲಿದ್ದದ್ದು 1,400ರಷ್ಟು ಜನ ಮಾತ್ರ.

29ರ ರಾತ್ರಿ ಕ್ಲೌಸೆವಿಟ್ಸ್ ರಷ್ಯದ ಕಡೆಯಿಂದ ಎರಡು ಕಾಗದ ತಂದ. ಮೊದಲು ಯೋರ್ಕ್ ಅವನ ಮುಖ ನೋಡಲೂ ಒಪ್ಪಲಿಲ್ಲ. ಒಂದು ಕಾಗದದಲ್ಲಿ, ರಷ್ಯದ ಸೇನಾಪತಿ ವಿಟ್‌ಗೆನ್‌ಸ್ಟೈನನ ಪಡೆ 31ಕ್ಕೆ ಎಲ್ಲಿರುತ್ತದೆ, ಯೋರ್ಕ್‌ನ ದಾರಿ ಹೇಗೆ ಮುಚ್ಚಿಹೋಗುತ್ತದೆ ಎಂಬ ವಿವರವಿತ್ತು. ಇನ್ನೊಂದು ಮ್ಯಾಕ್‌ಡೊನಾಲ್ಡ್ ಬರೆದು ರಷ್ಯನ್ನರ ಕೈಗೆ ಸಿಕ್ಕಿದ್ದು. ಪ್ರಶ್ಯನ್ನರ ಮೇಲೆ ಅವನಿಗಿದ್ದ ಅಪನಂಬಿಕೆ ಅದರಲ್ಲಿ ಬಯಲಾಗಿತ್ತು. ಯೋರ್ಕ್ ಮೇಣದ ಬತ್ತಿ ತರಿಸಿ ಓದಿದ. ಆಮೇಲೆ ಕ್ಲೌಸೆವಿಟ್ಸ್‌ನನ್ನು ಪ್ರಶ್ಯನ್ ಎಂದೇ ಕರೆದು ಕೇಳಿದ: ಈ ಕಾಗದ ಪ್ರಾಮಾಣಿಕವಾದದ್ದೇ, ಹೇಳಿದ ದಿನ ಹೇಳಿದ ಜಾಗದಲ್ಲಿ ಆ ಪಡೆಗಳು ನಿಜವಾಗಿ ಇರುತ್ತವೆಯೇ? ಬರೆದವನ ಪ್ರಾಮಾಣಿಕತೆಗೆ ನಾನು ಹೊಣೆ ಎಂದ ಕ್ಲೌಸೆವಿಟ್ಸ್. ಆದರೆ ಯುದ್ಧದಲ್ಲಿ ಅಂದುಕೊಂಡದ್ದೆಲ್ಲ ಅಂದುಕೊಂಡಂತೆ ನಡೆಯುವುದಿಲ್ಲವಾದ್ದರಿಂದ ಪಡೆಗಳು ಅಲ್ಲಿರುತ್ತವೆ ಎಂಬುದಕ್ಕೆ ಹೊಣೆಯಾಗಲಾರೆ ಎಂದ. ಈ ಉತ್ತರ ನನ್ನನ್ನು ಬಹಳ ಕಾಡಿದೆ. ಸುಳ್ಳು ಭರವಸೆ ಕೊಟ್ಟು ಸಹಿ ಹಾಕಿಸಿಕೊಳ್ಳಬಹುದಾಗಿದ್ದ ಕ್ಷಣ ಅದು, ಆತ ಹಾಗೆ ಮಾಡಲಿಲ್ಲ. ಯೋರ್ಕ್ ಸ್ವಲ್ಪ ಹೊತ್ತು ಸುಮ್ಮನಿದ್ದು ಕೈಚಾಚಿ ಒಪ್ಪಿಕೊಂಡ. ಒಬ್ಬ ಅಧಿಕಾರಿ ಸಂತೋಷದಿಂದ ಉಬ್ಬಿದಾಗ, ನಿಮಗೇನು, ಹುಡುಗರು; ಈ ಮುದುಕನ ತಲೆ ಹೆಗಲ ಮೇಲೆ ಅಲ್ಲಾಡುತ್ತಿದೆ ಎಂಬ ಅರ್ಥದ ಮಾತು ಅವನ ಬಾಯಿಂದ ಬಂತು. ತಾನು ಮಾಡುತ್ತಿರುವುದರ ಹೆಸರೇನೆಂದು ಅವನಿಗೆ ಗೊತ್ತಿತ್ತು.

ಮೊದಲು ಅವನ ವಿರುದ್ಧದ ವಾದವನ್ನು ಅದರ ಪೂರ್ತಿ ಬಲದಲ್ಲಿ ಕೇಳೋಣ. ಕನ್ನಡದ ಹಳೆಯ ಕಾವ್ಯ ಶಾಸನಗಳಲ್ಲಿ ಜೋಳವಾಳಿ ಎಂಬ ಮಾತಿದೆ: ಒಡೆಯನ ಜೋಳ ಉಂಡವನು ಆ ಋಣವನ್ನು ರಣದಲ್ಲಿ ತೀರಿಸಬೇಕು. ಹುಟ್ಟಿನ ಗುಟ್ಟು ತಿಳಿದ ಮೇಲೂ ಕರ್ಣ ದುರ್ಯೋಧನನನ್ನು ಬಿಡದೇ ನಿಂತದ್ದನ್ನು ಓದಿ ಕಣ್ಣೀರು ಹಾಕಿದ ನಮಗೆ ಈ ವಾದದ ಬಿಸಿ ಬೇಗ ತಟ್ಟುತ್ತದೆ. ಯೋರ್ಕ್‌ನ ದೊರೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದ. ಅದನ್ನು ಮುರಿಯುವ ಹಕ್ಕು ಇದ್ದರೆ ದೊರೆಗೆ ಇತ್ತು, ಸೇನಾಪತಿಗಲ್ಲ. ಮ್ಯಾಕ್‌ಡೊನಾಲ್ಡ್ ಟಿಲ್ಸಿಟ್‌ನಲ್ಲಿ ಯೋರ್ಕ್‌ಗಾಗಿ ಕಾದಿದ್ದ. ಅವನ ಜೊತೆಗಿದ್ದವರೆಲ್ಲ ಫ್ರೆಂಚರೂ ಅಲ್ಲ. ಪೋಲೆಂಡಿನವರು, ಬವೇರಿಯಾದವರು, ವೆಸ್ಟ್‌ಫಾಲಿಯಾದವರು, ಯೋರ್ಕ್‌ನ ಪಡೆಯ ಹಾಗೆಯೇ ಬೇರೆಯವರ ಯುದ್ಧಕ್ಕೆ ಎಳೆದುತಂದ ಬಡಪಾಯಿಗಳು. ಅವರ ಬೆನ್ನನ್ನು ಬರಿದುಮಾಡಿದ್ದು ನಿಜ. ಬರ್ಲಿನ್ನಿನಲ್ಲಿ ಫ್ರೆಂಚ್ ಪಡೆ ಇತ್ತು, ದೊರೆ ಅವರ ಕೈಯಳತೆಯಲ್ಲೇ ಇದ್ದ. ಸೇನಾಪತಿಯ ಒಂದು ಸಹಿ ದೊರೆಯ ಪ್ರಾಣಕ್ಕೇ ಎರವಾಗಬಹುದಿತ್ತು. ದಾರಿ ಕಟ್ಟಿಹೋಗಿತ್ತು, ಬೇರೆ ಗತಿ ಇರಲಿಲ್ಲ ಎಂಬ ಸಬೂಬೂ ನಿಲ್ಲುವುದಿಲ್ಲ. ಇಡೀ ಪಡೆಯ ಎದುರು ಡೀಬಿಚ್‌ನ 1,400 ಜನ ಒಂದು ಬೇಲಿಯೂ ಅಲ್ಲ. ಮನಸ್ಸಿದ್ದರೆ ನುಗ್ಗಿ ಹೋಗಬಹುದಿತ್ತು.

ಈ ಆಪಾದನೆಯಲ್ಲಿ ಒಂದು ಮಾತನ್ನೂ ನಾನು ಹಗುರವಾಗಿ ತಳ್ಳಿಹಾಕಲಾರೆ.

ಈಗ ಇನ್ನೊಂದು ತಟ್ಟೆ. ಯೋರ್ಕ್ ಉಂಡದ್ದು ಯಾರ ಜೋಳ? ನೆಪೋಲಿಯನ್ನನದಲ್ಲ. ದೊರೆಯದು, ದೊರೆಯ ಕಣಜಕ್ಕೆ ಅದು ಬಂದದ್ದು ಆ ವರ್ಷ ಮಹಾಸೇನೆ ಮೇವು ದವಸ ಕಿತ್ತುಕೊಂಡು ಬರಿದುಮಾಡಿದ ಪೂರ್ವ ಪ್ರಶ್ಯಾದ ಹೊಲಗಳಿಂದ. ಕುತ್ತಿಗೆಯ ಮೇಲೆ ಕತ್ತಿಯಿಟ್ಟು ಬರೆಸಿಕೊಂಡ ಒಪ್ಪಂದಕ್ಕೆ ಎಷ್ಟು ಬೆಲೆ? ಇದಕ್ಕಿಂತ ಮುಖ್ಯವಾದದ್ದು ಟೌರೋಗೆನ್‌ನ ಕರಾರಿನಲ್ಲೇ ಇದೆ. ಯೋರ್ಕ್ ಶತ್ರುವಿನ ಕಡೆ ಸೇರಲಿಲ್ಲ. ಮೆಮೆಲ್ ಮತ್ತು ಟಿಲ್ಸಿಟ್‌ಗಳ ಪ್ರದೇಶದಲ್ಲಿ ಅವನ ಪಡೆ ತಟಸ್ಥವಾಗಿ ಉಳಿಯಬೇಕು. ದೊರೆ ಒಪ್ಪದಿದ್ದರೆ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಲು ಅದು ಸ್ವತಂತ್ರ, 1813ರ ಮಾರ್ಚ್ 1ರವರೆಗೆ ಮಾತ್ರ ರಷ್ಯದ ಮೇಲೆ ಆಯುಧ ಎತ್ತಬಾರದು. ಅಂದರೆ ದೊರೆಗೆ ಹೌದು ಎನ್ನುವ ದಾರಿಯನ್ನೂ ಅಲ್ಲ ಎನ್ನುವ ದಾರಿಯನ್ನೂ ತೆರೆದಿಟ್ಟ. ಫ್ರೆಂಚರ ಮುಂದೆ, ಇದೆಲ್ಲ ಯೋರ್ಕ್‌ನ ಅಪರಾಧ, ನನಗೇನೂ ಗೊತ್ತಿಲ್ಲ ಎಂದು ಹೇಳಿಕೊಳ್ಳುವ ಅನುಕೂಲವನ್ನೂ ದೊರೆಗೆ ಒದಗಿಸಿದ. ತಪ್ಪಾಗಿದ್ದರೆ ತನ್ನ ತಲೆಯನ್ನು ತೆಗೆದುಕೊಳ್ಳಬಹುದೆಂದು ದೊರೆಗೆ ಬರೆದ. ಸ್ವಂತಕ್ಕೆ ಏನನ್ನೂ ಕೇಳಲಿಲ್ಲ.

ದೊರೆ ಆ ಅನುಕೂಲವನ್ನು ಪೂರ್ತಿ ಬಳಸಿಕೊಂಡ. ಯೋರ್ಕ್‌ನನ್ನು ವಜಾ ಮಾಡಿ, ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಲು ಆಜ್ಞೆಯಾಯಿತು; ನೆಪೋಲಿಯನ್ನನ ಕ್ಷಮೆ ಬೇಡಲು ದೊರೆಯ ದೂತನಾಗಿ ಹಾಟ್ಸ್‌ಫೆಲ್ಟ್ ಪ್ಯಾರಿಸ್ಸಿಗೆ ಹೋದ. ವಜಾ ಆಜ್ಞೆ ಹೊತ್ತ ಮೇಜರ್ ನಾಟ್ಸ್‌ಮರ್‌ನನ್ನು ರಷ್ಯನ್ನರು ದಾರಿಯಲ್ಲೇ ತಡೆದರು. ಸುದ್ದಿ ಪತ್ರಿಕೆಗಳಲ್ಲಿ ಬಂತು. ಪ್ರಶ್ಯಾದ ಜನರಲ್‌ಗೆ ಆಜ್ಞೆ ಬರುವುದು ಪತ್ರಿಕೆಯ ಮೂಲಕವಲ್ಲ ಎಂದು ಯೋರ್ಕ್ ಪ್ರಕಟವಾಗಿಯೇ ಹೇಳಿ, ಅಧಿಕಾರ ಬಿಡದೆ ಕೂತ.

ದೊರೆ ಮೊದಲೇ ಗುಟ್ಟಾಗಿ ಸೂಚನೆ ಕೊಟ್ಟಿದ್ದ, ಯೋರ್ಕ್ ಅದರಂತೆ ನಡೆದ ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಒಪ್ಪಂದಕ್ಕೆ ಸ್ವಲ್ಪ ಮುಂಚೆ ಬರ್ಲಿನ್ನಿಂದ ಮರಳಿದ ಮೇಜರ್ ಸೈಡ್ಲಿಟ್ಸ್ ತಂದ ಮಾತು ಎರಡರ್ಥದ್ದಾಗಿತ್ತು, ಅದರಿಂದ ಈ ವಾದಕ್ಕೆ ಎಡೆಯೇನೋ ಇದೆ. ಆದರೆ ಇದು ನಿಜವಾದರೆ ದ್ರೋಹದ ಆಪಾದನೆ ಅಳಿಯುವ ಜೊತೆಗೆ ಧೈರ್ಯದ ಹೊಗಳಿಕೆಯೂ ಅಳಿಯುತ್ತದೆ. ನನಗೆ ಇದು ಒಪ್ಪಿಗೆಯಾಗದು. ಜೇಬಿನಲ್ಲಿ ಅಪ್ಪಣೆ ಇಟ್ಟುಕೊಂಡವನು ತಲೆ ಅಲ್ಲಾಡುತ್ತಿದೆ ಎನ್ನುವುದಿಲ್ಲ.

ನನ್ನ ಮಟ್ಟಿಗೆ ಯೋರ್ಕ್‌ನ ಮೇಲಿನ ಭಾರವಾದ ಆಪಾದನೆ ಆ ಗಿರಣಿಯದ್ದಲ್ಲ, ನಂತರದ ವಾರಗಳದ್ದು. ಜನವರಿಯಲ್ಲಿ ಕೋನಿಗ್ಸ್‌ಬರ್ಗ್‌ಗೆ ಬಂದು, ವಜಾ ಆದ ಸುದ್ದಿ ಕಿವಿಗೆ ಬಿದ್ದ ಮೇಲೂ ಪೂರ್ವ ಪ್ರಶ್ಯಾದಲ್ಲಿ ಅಧಿಕಾರ ನಡೆಸಿದ. ಝಾರನ ಪ್ರತಿನಿಧಿಯಾಗಿ ಷ್ಟೈನ್ ಅಲ್ಲಿಗೆ ಬಂದಾಗ ಇಬ್ಬರಿಗೂ ಜಗಳವಾಯಿತು. ಪರದೇಶದ ದೊರೆಯ ಅಧಿಕಾರಪತ್ರ ಹಿಡಿದು ಬಂದವನ ಮಾತು ಕೇಳಲಾರೆನೆಂದು ಯೋರ್ಕ್ ಹಟ ಹಿಡಿದ. ಫೆಬ್ರವರಿಯಲ್ಲಿ ಪ್ರಾಂತ್ಯದ ಪ್ರತಿನಿಧಿಗಳ ಸಭೆ ಸೇರಿದಾಗ ಅಲ್ಲಿಗೆ ಹೋಗಿ ನಿಂತ. ಕ್ಲೌಸೆವಿಟ್ಸ್‌ನ ಯೋಜನೆಯನ್ನು ಆಧಾರವಾಗಿಟ್ಟುಕೊಂಡು, 20,000 ಜನರ ನಾಡಸೇನೆಯನ್ನು ಕಟ್ಟುವ ತೀರ್ಮಾನ ದೊರೆಯ ಮೊದಲ ಒಪ್ಪಿಗೆಯಿಲ್ಲದೇ ಆಯಿತು. ಯುದ್ಧದಲ್ಲಿ ಕೈಕಟ್ಟಿ ನಿಲ್ಲುವುದು ಒಂದು. ದೊರೆ ಇನ್ನೂ ಫ್ರಾನ್ಸಿನ ಮಿತ್ರನಾಗಿರುವಾಗಲೇ ಫ್ರಾನ್ಸಿನ ವಿರುದ್ಧ ಜನರ ಕೈಗೆ ಆಯುಧ ಕೊಡುವುದು ಇನ್ನೊಂದು. ಎರಡನೆಯದಕ್ಕೆ ತಟಸ್ಥತೆಯ ಕರಾರು ಆಸರೆಯಾಗದು. ಆದರೂ ಅದೇ ವಾರಗಳಲ್ಲಿ ಸಾಮಾನ್ಯ ರೈತ, ವ್ಯಾಪಾರಿ, ವಿದ್ಯಾರ್ಥಿ ಈ ದೇಶ ನನ್ನದೂ ಹೌದು ಎಂದು ಮುಂದೆ ಬಂದರು. ಸುಧಾರಣೆಯನ್ನು ದ್ವೇಷಿಸಿದ ಯೋರ್ಕ್‌ನ ಕಣ್ಣೆದುರೇ, ಅವನ ನೆರವಿನಿಂದಲೇ, ಸುಧಾರಕರ ಕನಸು ಮೈತಳೆಯಿತು.

ದೊರೆ ಜನವರಿಯಲ್ಲಿ ಬ್ರೆಸ್ಲಾವ್‌ಗೆ ಹೋಗಿ ಫ್ರೆಂಚರ ಕೈಯಿಂದ ದೂರವಾದ. ಫೆಬ್ರವರಿ ಕೊನೆಯಲ್ಲಿ ರಷ್ಯದೊಡನೆ ಕಾಲಿಶ್ ಒಪ್ಪಂದವಾಯಿತು. ಮಾರ್ಚ್‌ನಲ್ಲಿ ವಿಚಾರಣೆ ಯೋರ್ಕ್‌ನನ್ನು ನಿರ್ದೋಷಿ ಎಂದಿತು. ಮಾರ್ಚ್ 17ರಂದು, ದೊರೆ ತನ್ನ ಜನರನ್ನು ಯುದ್ಧಕ್ಕೆ ಕರೆದ ಘೋಷಣೆಯ ದಿನವೇ, ಯೋರ್ಕ್ ಬರ್ಲಿನ್ ಪ್ರವೇಶಿಸಿದ.

ಗೆದ್ದದ್ದರಿಂದ ಅವನು ಸರಿ ಎಂದುಬಿಡುವುದು ಸುಲಭ. ಅದು ನನಗೆ ಒಪ್ಪದು. ಮೇಜರ್ ಫರ್ಡಿನಾಂಡ್ ಫಾನ್ ಶಿಲ್‌ನನ್ನು ಮರೆಯಲಾಗುವುದಿಲ್ಲ. 1809ರಲ್ಲಿ ಶಿಲ್ ಅಪ್ಪಣೆಯಿಲ್ಲದೆ ತನ್ನ ರೆಜಿಮೆಂಟ್ ಕರೆದುಕೊಂಡು ಬರ್ಲಿನ್ನಿಂದ ಹೊರಟ, ನೆಪೋಲಿಯನ್ನನ ವಿರುದ್ಧ ನಾಡೆಲ್ಲ ಏಳುತ್ತದೆಂದು ನಂಬಿ. ಯಾರೂ ಏಳಲಿಲ್ಲ. ಮೇ 31ರಂದು ಶ್ಟ್ರಾಲ್‌ಜುಂಡ್‌ನ ಬೀದಿಯಲ್ಲಿ ಸತ್ತ. ಸೆರೆಸಿಕ್ಕ ಅವನ ಹನ್ನೊಂದು ಅಧಿಕಾರಿಗಳನ್ನು ಸೆಪ್ಟೆಂಬರ್‌ನಲ್ಲಿ ಫ್ರೆಂಚರು ವೇಜೆಲ್‌ನಲ್ಲಿ ನಿಲ್ಲಿಸಿ ಗುಂಡಿಕ್ಕಿದರು. ಶಿಲ್‌ನ ಪ್ರೇಮ ಯೋರ್ಕ್‌ನದಕ್ಕಿಂತ ಕಡಿಮೆಯದಲ್ಲ. ವ್ಯತ್ಯಾಸ ನನಗೆ ಕಾಣುವುದು ಇಲ್ಲಿ: ಶಿಲ್ ದೊರೆಗೆ ಹಿಂದೆ ಸರಿಯುವ ದಾರಿಯನ್ನೇ ಬಿಡಲಿಲ್ಲ, ಜೊತೆಗಿದ್ದವರ ಪ್ರಾಣವನ್ನೂ ಪಣಕ್ಕಿಟ್ಟ. ಯೋರ್ಕ್ ಪಣಕ್ಕಿಟ್ಟದ್ದು ತನ್ನೊಬ್ಬನ ತಲೆ. ಸಾವಿರಾರು ಸೈನಿಕರನ್ನು ಅವನು ಉಳಿಸಿದ. ಈ ಕಾರಣಕ್ಕೆ, ಮಾರ್ಚ್‌ನಲ್ಲಿ ದೊರೆ ಅವನನ್ನು ಗಲ್ಲಿಗೇರಿಸಿದ್ದರೂ ಆ ಗಿರಣಿಯ ಸಹಿಯನ್ನು ನಾನು ದ್ರೋಹವೆನ್ನುತ್ತಿರಲಿಲ್ಲ. ಮ್ಯಾಕ್‌ಡೊನಾಲ್ಡನ ಜೊತೆಗಿದ್ದವರಿಗೆ ಆದ ಅನ್ಯಾಯ ಮಾತ್ರ ಉಳಿದೇ ಉಳಿಯುತ್ತದೆ.

ಮುಂದಿನ ಎರಡು ವರ್ಷ ಯೋರ್ಕ್ ಪ್ರಶ್ಯಾದ ಸೇನಾಪತಿ ಬ್ಲ್ಯೂಶರ್‌ನ ಸೈಲೀಸಿಯಾ ಸೇನೆಯಲ್ಲಿ ಒಂದು ಕೋರ್‌ನ ಮುಖ್ಯಸ್ಥ. ಬ್ಲ್ಯೂಶರ್‌ನ ಸಲಹೆಗಾರ ಗ್ನೈಸೆನಾವ್‌ನೊಡನೆ ದಿನವೂ ಮನಸ್ತಾಪ, ಆದರೆ ರಣದಲ್ಲಿ ಹಿಂಜರಿಕೆ ಇಲ್ಲ. 1813ರ ಆಗಸ್ಟ್‌ನಲ್ಲಿ ಕಾಟ್ಸ್‌ಬಾಖ್ ಕದನ, ಅಕ್ಟೋಬರ್ 3ರಂದು ವಾರ್ಟೆನ್‌ಬರ್ಗ್‌ನಲ್ಲಿ ಎಲ್ಬೆ ದಾಟಿ ಫ್ರೆಂಚರನ್ನು ಹಿಮ್ಮೆಟ್ಟಿಸಿದ್ದು, ಅದೇ ತಿಂಗಳ 16ರಂದು ಲೈಪ್‌ಜಿಗ್‌ನ ಉತ್ತರಕ್ಕೆ ಮೋಕರ್ನ್ ಹಳ್ಳಿಯ ಕಾಳಗ. ಆ ಒಂದು ಹಳ್ಳಿಯ ಬೀದಿಗಳಲ್ಲಿ ಅವನ ಕೋರ್‌ನ ಸುಮಾರು ಮೂರನೆಯ ಒಂದು ಪಾಲು ಹೋಯಿತು. ಟೌರೋಗೆನ್‌ನಲ್ಲಿ ಉಳಿಸಿದ ಜೀವಗಳಲ್ಲಿ ಎಷ್ಟೋ ಇಲ್ಲಿ ಮುಗಿದವು. 1815ರಲ್ಲಿ ಮಗ ಹೈನ್ರಿಖ್ ಪ್ಯಾರಿಸ್ಸಿನ ಹತ್ತಿರ ಗಾಯಗೊಂಡು ತೀರಿಕೊಂಡ. ತಂದೆ ಸೇವೆ ಬಿಟ್ಟು ಸೈಲೀಸಿಯಾದ ಕ್ಲೈನ್ ಓಲ್ಸ್ ಎಂಬ ಜಮೀನಿಗೆ ಹೋದ. 1821ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. 1830ರ ಅಕ್ಟೋಬರ್ 4ರಂದು ಅಲ್ಲೇ ಸತ್ತ.

ಸತ್ತವನನ್ನು ಮುಂದಿನವರು ಸುಮ್ಮನೆ ಬಿಡಲಿಲ್ಲ. ಸರ್ಕಾರಕ್ಕಿಂತ ನಾಡಿನ ಹಿತ ಸೈನ್ಯಕ್ಕೇ ಚೆನ್ನಾಗಿ ಗೊತ್ತು ಎಂಬ ಅಪಾಯದ ಪಾಠವನ್ನೂ ಅವನಿಂದ ಕಲಿಯಬಹುದಾಗಿತ್ತು. 1920ರ ಮಾರ್ಚ್‌ನಲ್ಲಿ ಜನರಲ್ ಲ್ಯೂಟ್‌ವಿಟ್ಸ್ ಜನರೇ ಆರಿಸಿದ ಸರ್ಕಾರದ ಮೇಲೆ ಬರ್ಲಿನ್ನಿಗೆ ಪಡೆ ನುಗ್ಗಿಸಿದ್ದನ್ನು ಓದುವಾಗ ಯೋರ್ಕ್‌ನ ನೆರಳು ನನ್ನ ಕಣ್ಣಿಗೆ ಬೀಳುತ್ತದೆ. 1943ರಲ್ಲಿ ಸೋವಿಯತ್ ಸೆರೆಯಲ್ಲಿದ್ದ ಜರ್ಮನ್ ಅಧಿಕಾರಿಗಳು ಹಿಟ್ಲರ್‌ನ ವಿರುದ್ಧ ಸಂಘಟಿತರಾದಾಗ ಟೌರೋಗೆನ್ ಹೆಸರನ್ನು ಕೂಗಿ ಹೇಳಿದರು. ಅವರ ನಾಯಕ ಜನರಲ್‌ನ ಮನೆತನದ ಹೆಸರೂ ಸೈಡ್ಲಿಟ್ಸ್ ಆಗಿತ್ತು. ಯೋರ್ಕ್‌ಗೆ ಪಡೆ ಇತ್ತು, ದಾರಿ ಇತ್ತು, ಆಯ್ಕೆ ಇತ್ತು. ಇವರ ಕೈಯಲ್ಲಿ ಸೆರೆಯ ಮುಳ್ಳುತಂತಿ ಬಿಟ್ಟರೆ ಏನೂ ಇರಲಿಲ್ಲ. ಯುದ್ಧದ ನಂತರ ಪೂರ್ವ ಜರ್ಮನಿಯ ಸೈನ್ಯ, ಬೀಥೋವನ್ ರಚಿಸಿದ, ಯೋರ್ಕ್‌ನ ಹೆಸರು ಹೊತ್ತ ಕವಾಯತು ಸಂಗೀತಕ್ಕೆ ಹೆಜ್ಜೆ ಹಾಕಿತು.

ಆದರೆ ಯೋರ್ಕ್‌ನ ಪ್ರಶ್ನೆಯನ್ನು ನಿಜವಾಗಿ ಮೈಮೇಲೆ ಎಳೆದುಕೊಂಡವನು ಅವನ ರಕ್ತದವನೇ. ಪೀಟರ್ ಯೋರ್ಕ್, ಫೀಲ್ಡ್ ಮಾರ್ಷಲ್‌ನ ಮರಿಮೊಮ್ಮಗನ ಮಗ, ಕ್ಲೈನ್ ಓಲ್ಸ್‌ನಲ್ಲೇ ಹುಟ್ಟಿದವನು, ಹಿಟ್ಲರ್‌ನ ವಿರುದ್ಧದ 1944ರ ಜುಲೈ 20ರ ಸಂಚಿನಲ್ಲಿ ಪಾಲುಗಾರ. ವಿಚಾರಣೆಯಲ್ಲಿ ನ್ಯಾಯಾಧೀಶ ಫ್ರೈಸ್ಲರ್ ಅಬ್ಬರಿಸುತ್ತಿದ್ದಾಗಲೂ ಆತ ಶಾಂತವಾಗಿ, ದೇವರಿಗೆ ಮನುಷ್ಯ ಸಲ್ಲಿಸಬೇಕಾದ ಧರ್ಮವನ್ನು ಬದಿಗೊತ್ತಿ ಪ್ರಭುತ್ವ ಇಡೀ ಮನುಷ್ಯನನ್ನೇ ಕೇಳುತ್ತಿದೆ, ಮೂಲ ಪ್ರಶ್ನೆ ಅದೇ ಎಂಬ ಅರ್ಥದಲ್ಲಿ ಮಾತಾಡಿದ. ಆಗಸ್ಟ್ 8ರಂದು ತೀರ್ಪಾಯಿತು, ಅದೇ ದಿನ ಬರ್ಲಿನ್ನಿನ ಪ್ಲೋಟ್ಸೆನ್‌ಜೇ ಸೆರೆಮನೆಯಲ್ಲಿ ನೇಣಿಗೇರಿಸಿದರು.

ತೀರ್ಪಿನ ಕಾಗದದಲ್ಲಿ ಅವನ ಹೆಸರು ಪೂರ್ತಿಯಾಗಿ ಯೋರ್ಕ್ ಫಾನ್ ವಾರ್ಟೆನ್‌ಬರ್ಗ್. 1814ರಲ್ಲಿ ಹಳೆಯ ಯೋರ್ಕ್‌ಗೆ ಕೌಂಟ್ ಪದವಿ ಕೊಟ್ಟಾಗ ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ ಆರಿಸಿದ ಹೆಸರು ಅದು: ಮೇಲಿನವರ ಅಪ್ಪಣೆಯಂತೆ ನದಿ ದಾಟಿ ಗೆದ್ದ ಯುದ್ಧದ ಹೆಸರು. ಟೌರೋಗೆನ್ ಎಂಬ ಮಾತನ್ನು ದೊರೆ ಆ ಮನೆತನದ ಹೆಸರಿನಲ್ಲಿ ಎಲ್ಲೂ ಬರೆಯಲಿಲ್ಲ.